ಸುದ್ದಿಗೂ ಮೊದಲೇ ಕೊಟ್ಟ ಕಡಗ

ತಾಸ್‌ಬೊಲಾತ್‌ನನ್ನು ಒಂದು ಕಡೆ ಕೂರಿಸುವವರು ಇನ್ನೂ ಹುಟ್ಟಿಲ್ಲ ಎಂದು ಅವನ ಅವ್ವ ಕಮ್ಶಾತ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಹುಡುಗನಾಗಿದ್ದಾಗ ಊಟಕ್ಕೆ ಕೂತರೆ ಒಂದು ಕಾಲು ಬಾಗಿಲಾಚೆ. ದೊಡ್ಡವನಾದ ಮೇಲೆ ಮೈ ಇಲ್ಲಿ, ಮನಸ್ಸು ಮುಂದಿನ ಊರಿನಲ್ಲಿ. ಇಂಥವನಿಗೆ ದೇವರು ತಕ್ಕ ಕಸುಬನ್ನೇ ಕೊಟ್ಟಿದ್ದ. ಕರಗಂದಾ ಪಟ್ಟಣದಲ್ಲಿ ಮದುವೆಯೇ ಆಗಲಿ, ತೊಟ್ಟಿಲ ಶಾಸ್ತ್ರವೇ ಆಗಲಿ, ಎಪ್ಪತ್ತು ತುಂಬಿದ ಮುದುಕನ ಹುಟ್ಟುಹಬ್ಬವೇ ಆಗಲಿ, ಮೈಕು ಹಿಡಿದು ಔತಣ ನಡೆಸಿಕೊಡುವವನು ಅವನೇ. ಯಾವ ಬೀಗರ ಮುಂದೆ ಕುರಿಯ ತಲೆ ಇಡಬೇಕು, ಯಾವ ಚಿಕ್ಕಪ್ಪನನ್ನು ಯಾವ ಮಾವನಿಗಿಂತ ಮೊದಲು ಮಾತಿಗೆ ಕರೆಯಬೇಕು, ಮುನಿಸಿಕೊಂಡು ಮೂಲೆ ಹಿಡಿದ ಅತ್ತೆಯನ್ನು ಹೇಗೆ ಎಬ್ಬಿಸಿ ಕುಣಿಸಬೇಕು, ಎಲ್ಲವೂ ಅವನಿಗೆ ನೀರು ಕುಡಿದಷ್ಟು ಸಲೀಸು.

ಆಮೇಲೆ ಆ ನೀರು ಕುಡಿಯುವುದೇ ಕಷ್ಟವಾಯಿತು. ನಲವತ್ತೈದು ತುಂಬುವ ಮೊದಲೇ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಅರ್ಧ ದಿನ ಎಡಗೈ ಅಲ್ಲಾಡಿಸದೆ ಯಂತ್ರದ ಪಕ್ಕ ಬಿದ್ದಿರಬೇಕು. ಸೂಜಿ ಚುಚ್ಚಿದ್ದು ಅವನಿಗೆ ಲೆಕ್ಕಕ್ಕೇ ಇರಲಿಲ್ಲ, ಸುಮ್ಮನೆ ಬಿದ್ದಿರುವುದೇ ನರಕ. ದಿನಕ್ಕೆ ಕುಡಿಯುವ ನೀರು ಇಷ್ಟೇ ಎಂದು ಅಳತೆ. ಔತಣದ ಮನೆಯಲ್ಲಿ ಎಲ್ಲರ ಬಟ್ಟಲಿಗೂ ಹಾಲು ಬೆರೆಸಿದ ಚಹಾ ಬೀಳುತ್ತಿದ್ದರೆ ಇವನು ಒಂದೇ ಗುಟುಕನ್ನು ಬಾಯಲ್ಲಿ ಹೊರಳಾಡಿಸುತ್ತಾ, "ಕುಡೀರಪ್ಪಾ, ಕುಡೀರಿ! ನನ್ನ ಪಾಲೂ ನೀವೇ ಕುಡ್ಕೊಂಡು ಹೋಗಿ!" ಎಂದು ಮೈಕಿನಲ್ಲಿ ಕೂಗಿ ಜನರನ್ನು ನಗಿಸುತ್ತಿದ್ದ. ನಗದೆ ಉಳಿಯುತ್ತಿದ್ದವಳು ಹೆಂಡತಿ ಶೋಲ್ಪಾನ್ ಒಬ್ಬಳೇ.

ಅವಳ ಕಿಡ್ನಿ ಅವನಿಗೆ ಹೊಂದಲಿಲ್ಲ. ಅವ್ವನಿಗೆ ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಬೇರೆ. ಹಾಗಾಗಿ ಸತ್ತವರು ಯಾರಾದರೂ ಬಿಟ್ಟುಹೋಗುವ ಕಿಡ್ನಿಗೆ ಕಾಯಬೇಕು. ನಮ್ಮ ಜನರಲ್ಲಿ ಅದು ಸಿಗುವುದು ಅಂದರೆ ಬಾವಿಗೆ ಬಿದ್ದ ಸೂಜಿ ಸಿಕ್ಕ ಹಾಗೆ. ಸತ್ತವನನ್ನು ಇಡಿಯಾಗಿ ಮಣ್ಣಿಗೆ ಒಪ್ಪಿಸಬೇಕು ಎನ್ನುವವರು ನಾವು. ಯಾರನ್ನೋ ಯಾಕೆ ಅನ್ನಬೇಕು, ಈ ಮನೆಯಲ್ಲೇ ಅದು ನಡೆದುಹೋಗಿತ್ತು. ಅವನ ಅಣ್ಣ ಒರಾಜ್‌ಬೆಕ್ ಬೈಕಿನಿಂದ ಬಿದ್ದು, ಮಿದುಳು ಸತ್ತು, ಎದೆ ಮಾತ್ರ ಯಂತ್ರದ ಬಲದಲ್ಲಿ ಏರಿಳಿಯುತ್ತಿದ್ದಾಗ ಡಾಕ್ಟರು ಬಂದು ತಗ್ಗಿದ ದನಿಯಲ್ಲಿ ಕೇಳಿದ್ದರು. ಕಮ್ಶಾತ್ ಎದ್ದು ನಿಂತು, "ನನ್ನ ಮಗ ನನಗೆ ಇಡಿಯಾಗಿ ಬೇಕು. ಮುಟ್ಟಿ ನೋಡಿ, ಕೈ ಮುರೀತೀನಿ!" ಎಂದು ಆಸ್ಪತ್ರೆ ನಡುಗುವ ಹಾಗೆ ಕೂಗಿ ಅವರನ್ನು ಓಡಿಸಿದ್ದಳು. ಪಕ್ಕದಲ್ಲಿದ್ದ ತಾಸ್‌ಬೊಲಾತ್ ಹೌದೆಂದು ತಲೆ ಆಡಿಸಿದ್ದ. ಅದಾಗಿ ಎರಡು ವರ್ಷಕ್ಕೆ ಅವನ ಕಿಡ್ನಿಗಳು ಹೋದವು. ಆ ಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ ಮದುವೆ ಸಭಾಂಗಣದಲ್ಲಿ ಮೈಕು ತಟ್ಟಿ ನೋಡುತ್ತಿದ್ದವನಿಗೆ ಫೋನ್ ಬಂತು. ರಾಜಧಾನಿಯ ಆಸ್ಪತ್ರೆಯಿಂದ ಡಾಕ್ಟರ್ ಮದೀನಾ. ಆಕೆಯದು ನೇರ ಮಾತು, ಸುತ್ತಿ ಬಳಸುವ ಜಾತಿಯಲ್ಲ.

"ಒಂದು ಕಿಡ್ನಿ ಬಂದಿದೆ. ಆದ್ರೆ ಪೂರ್ತಿ ಕೇಳಿಸ್ಕೊಂಡು ಆಮೇಲೆ ಹೂಂ ಅನ್ನಿ. ತೀರಿಕೊಂಡಿರೋದು ವಯಸ್ಸಿನ ಹುಡುಗ. ಅಪಘಾತ. ಕೊನೇಲಿ ರಕ್ತದ ಒತ್ತಡ ಬಿದ್ದುಹೋಗಿ ಕಿಡ್ನಿಗೂ ಪೆಟ್ಟಾಗಿದೆ."

"ಅಂದ್ರೆ ಕೆಟ್ಟುಹೋಗಿರೋ ಕಿಡ್ನಿನಾ, ಡಾಕ್ಟ್ರೇ?"

"ಕೆಟ್ಟಿಲ್ಲ, ಏಟು ತಿಂದಿದೆ. ಹುಡುಗ ಗಟ್ಟಿಮುಟ್ಟಾಗಿದ್ದ, ಹಿಂದೆ ಯಾವ ಕಾಯಿಲೆನೂ ಇರ್ಲಿಲ್ಲ. ಚೂರು ತೆಗೆದು ಪರೀಕ್ಷೆ ಮಾಡಿದ್ದೀವಿ, ಒಳಗೆ ಚೆನ್ನಾಗಿದೆ. ಆದ್ರೆ ಹಾಕಿದ ತಕ್ಷಣ ಕೆಲಸ ಮಾಡೋದು ಅನುಮಾನ. ವಾರಗಟ್ಟಲೆ ಮಲಗಿಬಿಡಬಹುದು, ಅಲ್ಲೀವರೆಗೂ ನಿಮಗೆ ಡಯಾಲಿಸಿಸ್ ತಪ್ಪಲ್ಲ. ಇಂಥವು ಬಹಳಷ್ಟು ಎದ್ದು ಕೂರ್ತವೆ. ಏಳದೇ ಹೋಗೋದೂ ಉಂಟು. ಮೊದಲು ಕೇಳಿದವರು ಬೇಡ ಅಂದ್ರು. ಯೋಚನೆ ಮಾಡಿ, ಆದ್ರೆ ಬೇಗ. ಅದು ಮಂಜುಗಡ್ಡೇಲಿ ಕೂತಿದೆ."

ಜೊತೆಗೆ ಬಂದಿದ್ದ ಶೋಲ್ಪಾನ್ ಫೋನಿಗೆ ಕಿವಿ ಹಚ್ಚಿ ಎಲ್ಲ ಕೇಳಿಸಿಕೊಂಡಿದ್ದಳು. "ಬೇರೆಯವರು ಬೇಡ ಅಂದಿದ್ದು ನಿಮಗ್ಯಾಕೆ? ಕುದುರೆ ಸಾಕೋರ ಮನೇಲಿ ಹುಟ್ಟಿ, ಸಂತೇಲಿ ಕುಂಟು ಕುದುರೆ ಹಿಡ್ಕೊಂಡು ಬರ್ತೀರಾ?"

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ, ಹಾಗಾಯ್ತು ನಿನ್ನ ಮಾತು!" ಎಂದು ಅವನು ಸಿಡುಕಿದ. "ಯಾವ ಪುಣ್ಯಾತ್ಗಿತ್ತಿಯೋ ಹೆತ್ತ ಮಗನ್ನ ಕಳ್ಕೊಂಡು ಕೊಟ್ಟಿದ್ದಾಳೆ. ಅದರ ಹಲ್ಲು ಎಣಿಸ್ತಾ ಕೂರ್ಲಾ?"

"ಏಳದೇ ಹೋದ್ರೆ?"

"ಈಗೇನು ನಾನು ಎದ್ದು ಕುಣೀತಾ ಇದ್ದೀನಾ?"

ಅವಳು ಸೆರಗಿನಂತಿದ್ದ ತಲೆವಸ್ತ್ರದಿಂದ ಮುಖ ಒರೆಸಿಕೊಂಡು, ಬಟ್ಟೆ ತುಂಬಿಕೊಳ್ಳಲು ಮನೆಗೆ ಓಡಿದಳು. ಅವನು ಡಾಕ್ಟರಿಗೆ ಹೂಂ ಎಂದು, ಮದುವೆ ಮನೆಯವರಿಗೆ ಬೇರೆ ಮಾತುಗಾರನನ್ನು ಗೊತ್ತುಮಾಡಿ ಕಾರು ಹತ್ತಿದ. ದಾರಿಯುದ್ದಕ್ಕೂ ಕಿಟಕಿ ಇಳಿಸಿದ, ಏರಿಸಿದ, ಮತ್ತೆ ಇಳಿಸಿದ. ಚಾಲಕ ಕೊನೆಗೆ ರೇಗಿ, "ಅಣ್ಣಾ, ನನ್ನ ಕಾರಿನ ಪ್ರಾಣ ಬಿಡಿ" ಎಂದ.

ಆಪರೇಷನ್ ಚೆನ್ನಾಗಿಯೇ ಆಯಿತು. ಬಲಗಡೆ, ಕಿಬ್ಬೊಟ್ಟೆಯಲ್ಲಿ ಹೊಸ ಕಿಡ್ನಿಯನ್ನು ಕೂರಿಸಿದರು. ರಕ್ತ ಹರಿದು ಬಣ್ಣ ಬಂತು ಎಂದು ಡಾಕ್ಟರು ಹೇಳಿದರು. ಶೋಲ್ಪಾನ್ ಹಳ್ಳಿಗೆ ಫೋನು ಹಚ್ಚಿ ಬಾಯಾನ್‌ಳಿಗೆ ತಿಳಿಸಿದ್ದೂ ಅಷ್ಟೇ. ಬಾಯಾನ್ ಎಂದರೆ ತೀರಿಹೋದ ಒರಾಜ್‌ಬೆಕ್‌ನ ಹೆಂಡತಿ, ಅತ್ತೆ ಕಮ್ಶಾತ್‌ಳ ಜೊತೆ ಹಳ್ಳಿಯಲ್ಲೇ ಉಳಿದವಳು. ಮನಸ್ಸು ಬೆಣ್ಣೆ, ಆದರೆ ಬಾಯಿಗೆ ಬೀಗವಿಲ್ಲ.

ನಮ್ಮಲ್ಲಿ ಒಳ್ಳೆಯ ಸುದ್ದಿ ತಂದವರು ಹೊಸಿಲಲ್ಲಿ ನಿಂತು "ಸುಯಿಂಶಿ!" ಎಂದು ಕೂಗುತ್ತಾರೆ. ಕೇಳುವವರು ಮೊದಲು ಉಡುಗೊರೆ ಕೊಡಬೇಕು, ಸುದ್ದಿ ಆಮೇಲೆ. ಬಾಯಾನ್ ಕುದುರೆ ಹಾಲು ಕರೆಯುತ್ತಿದ್ದ ಬಕೆಟ್ಟನ್ನು ಅಲ್ಲೇ ಬಿಟ್ಟು, ಉಸಿರು ಕಟ್ಟಿಕೊಂಡು ಓಡಿಬಂದು ಆ ಕೂಗು ಹಾಕಿದಳು. ಕಮ್ಶಾತ್ ಹಿಂದೆ ಮುಂದೆ ನೋಡಲಿಲ್ಲ. ಮದುವೆಯಾಗಿ ಬಂದ ದಿನದಿಂದ ಕೈಯಿಂದ ತೆಗೆಯದ ಬೆಳ್ಳಿ ಕಡಗವನ್ನು ಸೋಪಿನ ನೀರು ಹಚ್ಚಿ ಜಾರಿಸಿ ಸೊಸೆಯ ಕೈಗೆ ಹಾಕಿದಳು. ಅಷ್ಟು ದೊಡ್ಡ ಉಡುಗೊರೆ ಸಿಕ್ಕ ಮೇಲೆ ಸುದ್ದಿ ಸಣ್ಣದಿದ್ದರೆ ಆದೀತೇ? "ನಿಮ್ಮ ಮಗನಿಗೆ ಕಿಡ್ನಿ ಬಂತು! ಆಗ್ಲೇ ನೀರು ಹರೀತಾ ಇದೆಯಂತೆ!" ಎಂದಳು ಬಾಯಾನ್. ಹರಿಯುವ ನೀರು ಅವಳು ತನ್ನ ಕೈಯಿಂದ ಸೇರಿಸಿದ್ದು.

ಸಂಜೆಗೆ ಕುರಿ ಕಡಿದರು, ಊರು ಉಂಡಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಇತ್ತ ಆಸ್ಪತ್ರೆಯಲ್ಲಿ ಮೂತ್ರದ ಚೀಲ ಮಂಚದ ಬದಿಗೆ ನೇತಾಡುತ್ತಿತ್ತು. ಅದರ ತಳದಲ್ಲಿ ಒಂದಿಷ್ಟು ಕೆಂಪು ನೀರು, ಅದೂ ಹಳೆಯದು. ತಾಸ್‌ಬೊಲಾತ್ ಬಗ್ಗಿ ನೋಡುತ್ತಿದ್ದ. ಮಗ್ಗುಲಾಗಿ ನೋಡುತ್ತಿದ್ದ. ಎದ್ದು ಓಡಾಡಬಹುದು ಎಂದ ಮೇಲೆ ಚೀಲವನ್ನು ಕೈಯಲ್ಲಿ ಹಿಡಿದು ಕಾರಿಡಾರಿನಲ್ಲಿ ಆ ತುದಿಗೂ ಈ ತುದಿಗೂ ಶತಪಥ ಹಾಕಿದ. ಕಿಟಕಿ ಬಂದಾಗಲೆಲ್ಲ ಬೆಳಕಿಗೆ ಎತ್ತಿ ಹಿಡಿದ. ನರ್ಸ್ ಐಸುಲು, "ಅಣ್ಣಾ, ಹಾಗೆ ದುರುಗುಟ್ಟಿಕೊಂಡು ನೋಡಿದ್ರೆ ಅದು ಹೆದರ್ಕೊಂಡು ಬರೋದೇ ಇಲ್ಲ" ಎಂದು ತಮಾಷೆ ಮಾಡಿದಳು. ಬೇರೆ ದಿನವಾಗಿದ್ದರೆ ಅವಳ ಒಂದು ಮಾತಿಗೆ ಹತ್ತು ತಿರುಗಿಸಿ ಕೊಡುತ್ತಿದ್ದ. ಅಂದು ಚೀಲದಿಂದ ಕಣ್ಣು ಕೀಳದೆ ಮುಂದೆ ನಡೆದ.

ಫೋನು ಮಾತ್ರ ಬಿಡದೆ ಬಡಿದುಕೊಳ್ಳುತ್ತಿತ್ತು. ಸೋದರಮಾವ, ಬೀಗರು, ತಾನು ಮದುವೆ ಮಾಡಿಸಿದ ಜೋಡಿಗಳು, ಎಲ್ಲರದೂ ಒಂದೇ ಮಾತು: "ಶುಭವಾಗ್ಲಪ್ಪಾ! ನೀರು ಹರೀತಂತಲ್ಲ! ಔತಣ ಯಾವಾಗ?" ನಿಜ ಹೇಳಿದರೆ ಬಾಯಾನ್ ಸುಳ್ಳುಗಾತಿಯಾಗುತ್ತಾಳೆ, ಅವ್ವನ ಎದೆ ಒಡೆಯುತ್ತದೆ. ಸುಳ್ಳು ಹೇಳೋಣವೆಂದರೆ ಚೀಲ ಕಣ್ಣೆದುರಿಗೇ ಇದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು. ಕೊನೆಗೆ ಕಸುಬೇ ಗೆದ್ದಿತು. "ಹರೀತಿದೆ, ಹರೀತಿದೆ! ನದಿ ಹರಿದ ಹಾಗೆ!" ಎಂದು ಮೈಕಿನ ದನಿಯಲ್ಲಿ ಕೂಗಿ ಫೋನಿಟ್ಟು, ಡಯಾಲಿಸಿಸ್ ಕೋಣೆಗೆ ನಡೆದ. ಅದೇ ಸೂಜಿ, ಅದೇ ಯಂತ್ರದ ಗೊರಗೊರ. ಹಳೆಯವೆರಡು, ಹೊಸದೊಂದು ಎಂದು ಹೊಟ್ಟೆಯಲ್ಲಿ ಮೂರು ಕಿಡ್ನಿ ಇಟ್ಟುಕೊಂಡು ಯಂತ್ರಕ್ಕೆ ಕೈ ಒಡ್ಡಿದವನು ಲೋಕದಲ್ಲಿ ತಾನೊಬ್ಬನೇ ಇರಬೇಕು ಎನ್ನಿಸಿ ಅವನಿಗೆ ಅಳು ಬಂತು.

ಒಂದು ವಾರ ಹೋಯಿತು, ಎರಡನೆಯದೂ ಅರ್ಧ ಸವೆಯಿತು. ಮೈ ಆ ಕಿಡ್ನಿಯನ್ನು ಒಪ್ಪದೆ ಜಗಳ ಆಡುತ್ತಿದೆಯೇ ಎಂದು ಸೂಜಿ ಹಾಕಿ ಚೂರು ತೆಗೆದು ನೋಡಿದರು. ಜಗಳವೇನಿಲ್ಲ, ಬರೀ ನಿದ್ದೆ ಎಂದರು ಡಾಕ್ಟರ್ ಮದೀನಾ. "ಕಾಯೋಣ" ಎಂದರು. ಕಾಯುವುದು ಎಂಬ ಮಾತೇ ಅವನಿಗೆ ಬೈಗುಳದಂತೆ ಕೇಳಿಸಿತು.

ಶೋಲ್ಪಾನ್‌ಗೆ ಈ ನಾಟಕ ತಡೆಯಲಾಗಲಿಲ್ಲ. ಒಂದು ದಿನ ಹೊರಗೆ ಹೋಗಿ ಬಾಯಾನ್‌ಳಿಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು.  ಬಾಯಾನ್ ಅತ್ತೆಯ ಮುಂದೆ ಹೋಗಿ ತಪ್ಪೊಪ್ಪಿಕೊಂಡು ಕಡಗ ಕಳಚಿ ಇಟ್ಟಳು. ಮುದುಕಿ ಅದನ್ನು ನೋಡಿದಳು, ಮುಟ್ಟಲಿಲ್ಲ.

"ಹಾಕ್ಕೋ ಕೈಗೆ. ಸುಯಿಂಶಿ ವಾಪಸ್ ತಗೊಳ್ಳೋ ಮನೆತನ ನಮ್ಮದಲ್ಲ. ನಾನು ಕೊಟ್ಟಾಗಿದೆ. ಇನ್ನು ಸುದ್ದಿ ಬರ್ಲೇಬೇಕು."

ಈ ಮಾತು ಆಸ್ಪತ್ರೆಗೂ ಮುಟ್ಟಿತು. ತಾಸ್‌ಬೊಲಾತ್‌ಗೆ ಇದ್ದ ಚಡಪಡಿಕೆ ಇಮ್ಮಡಿಯಾಯಿತು. ಅವ್ವನ ಬೋಳು ಮಣಿಕಟ್ಟು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು, "ಏಳೋ ಮಾರಾಯ, ನಿನ್ನ ದಮ್ಮಯ್ಯ, ಏಳೋ" ಎಂದು ಗೊಣಗುತ್ತಿದ್ದ. ಅದು ಏಳಲಿಲ್ಲ.

ಆಗ ಬಾಯಾನ್ ಬಂದಳು, ಕೈಚೀಲದಲ್ಲಿ ಬಟ್ಟೆ ಸುತ್ತಿದ ದೊಡ್ಡ ಬಾಟಲಿ ಇಟ್ಟುಕೊಂಡು. ಶೋಲ್ಪಾನ್ ಔಷಧದ ಅಂಗಡಿಗೆ ಹೋಗಿದ್ದಳು. ಐಸುಲು ಬೇರೆ ರೋಗಿಯ ಬಳಿ ಇದ್ದಳು. ಬಾಯಾನ್ ಕಳ್ಳಬೆಕ್ಕಿನ ಹಾಗೆ ಒಳಗೆ ಬಂದು ಬಾಟಲಿ ತೆಗೆದಳು. ಈ ವರ್ಷದ ಮೊದಲ ಕುಮಿಸ್. ಕುದುರೆಯ ಹುಳಿಹಾಲು ವಾಸಿ ಮಾಡದ ಕಾಯಿಲೆ ಯಾವುದಿದೆ ನಮ್ಮಲ್ಲಿ? ಕ್ಷಯಕ್ಕೂ ಅದೇ, ಕೆಮ್ಮಿಗೂ ಅದೇ, ಮುರಿದ ಮನಸ್ಸಿಗೂ ಅದೇ.

"ಅತ್ತೆ ಕೈಯಾರೆ ಕಡೆದು ಕಳ್ಸಿದ್ದಾರೆ. ಒಣಗಿದ ಬಾವಿಗೆ ಮೇಲಿಂದ ನಾಕು ಕೊಡ ಸುರಿದ್ರೆ ಸೆಲೆ ಒಡೆಯಲ್ವಾ? ಕುಡೀ ಮೈದುನಾ, ಗುಟುಕು ಕುಡಿ."

"ಡಾಕ್ಟ್ರು ನೋಡಿದ್ರೆ ಕತ್ತರಿಸಿಬಿಡ್ತಾರೆ, ಅತ್ತಿಗೆ."

"ಡಾಕ್ಟ್ರನ್ನ ಹೆತ್ತೋಳೂ ಕುಮಿಸ್ ಕುಡಿದೇ ಹೆತ್ತಿರೋದು!"

ಬಾಟಲಿಯ ಬಿರಡೆ ತೆಗೆದಾಗ ಬಂದ ಆ ಹುಳಿ ವಾಸನೆ! ವರ್ಷಗಟ್ಟಲೆ ನೀರನ್ನು ಗುಟುಕು ಗುಟುಕಾಗಿ ಅಳೆದು ಕುಡಿದವನು ಅವನು. ಒಂದು ಬಟ್ಟಲು ಇಳಿಯಿತು. ಎರಡನೆಯದು ತಾನೇ ಸುರಿದುಕೊಂಡ. ಮೂರನೆಯದಕ್ಕೆ ಬಟ್ಟಲೂ ಬೇಕಾಗಲಿಲ್ಲ. ಬಾಯಾನ್ ಖಾಲಿ ಬಾಟಲಿ ಮುಚ್ಚಿಟ್ಟಳು, ಇಬ್ಬರೂ ಮಕ್ಕಳಂತೆ ಚೀಲವನ್ನು ನೋಡುತ್ತಾ ಕೂತರು.

ಸಂಜೆಯ ಹೊತ್ತಿಗೆ ನೀರು ಏರಿತು, ಆದರೆ ಚೀಲಕ್ಕಲ್ಲ, ಶ್ವಾಸಕೋಶಕ್ಕೆ. ಮಲಗಿದರೆ ಉಸಿರಿಲ್ಲ, ಕೂತರೆ ಎದೆಯೊಳಗೆ ಗೊರಗೊರ. ತುಟಿ ನೀಲಿಯಾಯಿತು. ಶೋಲ್ಪಾನ್ ಚೀರಿಕೊಂಡಳು. ಗಾಲಿಮಂಚದ ಮೇಲೆ ಹಾಕಿಕೊಂಡು ಓಡಿದರು, ಆಮ್ಲಜನಕ ಹಚ್ಚಿದರು, ಯಂತ್ರಕ್ಕೆ ಕಟ್ಟಿ ನೀರು ಹಿಂಡಿ ತೆಗೆದರು. ಹಸಿ ಹಾಲಿನಿಂದ ಸೋಂಕು ತಗಲಬಾರದೆಂದು ಮತ್ತೊಂದಿಷ್ಟು ಔಷಧ. ಕಾರಿಡಾರಿನಲ್ಲಿ ಬಾಯಾನ್ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಗಂಡನನ್ನು ಕಳೆದುಕೊಂಡ ಆಸ್ಪತ್ರೆಯ ಕಾರಿಡಾರೂ ಇದೇ ಬಣ್ಣದ್ದಾಗಿತ್ತು.

ಮರುದಿನ ಬೆಳಗ್ಗೆ ಡಾಕ್ಟರ್ ಮದೀನಾ ಬಂದು ಮಂಚದ ಬಳಿ ನಿಂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನಿಮ್ಮ ತಂದೆ ಕುದುರೆ ಸಾಕ್ತಿದ್ರಲ್ವಾ?"

"ಹೂಂ."

"ದೂರದಿಂದ ಓಡಿಬಂದು, ಬೆವರಿ ಬೆಂದುಹೋಗಿರೋ ಕುದುರೆಗೆ ತಕ್ಷಣ ನೀರು ಇಡ್ತೀರಾ?"

ಅವನು ತಲೆ ತಗ್ಗಿಸಿದ. "ಇಲ್ಲ ಡಾಕ್ಟ್ರೇ. ಕುದುರೆ ಕೆಟ್ಟುಹೋಗುತ್ತೆ."

"ಏನ್ಮಾಡ್ತೀರಿ?"

"ಕಟ್ಟಿ ಹಾಕ್ತೀವಿ. ಬೆಳಗಾಗೋವರೆಗೂ ಹುಲ್ಲಿಲ್ಲ, ನೀರಿಲ್ಲ. ಮೈ ತಣ್ಣಗಾಗ್ಬೇಕು."

"ಅಷ್ಟೇ ಕಣ್ರೀ ನಾನೂ ಹೇಳ್ತಿರೋದು. ಅದು ಓಡಿಬಂದಿದೆ. ಆ ಹುಡುಗನ ಕೊನೇ ದಿನಗಳನ್ನೆಲ್ಲ ಹೊತ್ಕೊಂಡು ಬಂದಿದೆ. ಸ್ವಲ್ಪ ಕಟ್ಟಿ ಹಾಕಿ. ನಿಮ್ಮನ್ನೂ."

ಥೂ ನನ್ನ ಜನ್ಮಕ್ಕಿಷ್ಟು ಎಂದುಕೊಂಡ ತಾಸ್‌ಬೊಲಾತ್. ಕುದುರೆ ಕಾಯುವ ಪುಟ್ಟ ಹುಡುಗನೂ ಮಾಡದ ತಪ್ಪನ್ನು ತಾನು ಮಾಡಿದ್ದ. ಅಂದಿನಿಂದ ಫೋನು ಬಂದ್ ಮಾಡಿ ಹೆಂಡತಿಯ ಕೈಗೆ ಕೊಟ್ಟ. ಚೀಲದ ಕಡೆ ಬೆನ್ನು ಮಾಡಿ ಮಲಗಿದ. ಮೈ ಸುಮ್ಮನಿತ್ತು, ತಲೆ ಎಲ್ಲಿ ಸುಮ್ಮನಿರುತ್ತದೆ? ಓಡಿಬಂದಿದೆ ಎಂಬ ಮಾತು ಒಳಗೆ ಸುತ್ತುತ್ತಲೇ ಇತ್ತು. ಎಲ್ಲಿಂದ? ಯಾರ ಮನೆಯಿಂದ? ಆ ಹುಡುಗನಿಗೂ ಒಂದು ಕಡೆ ಕೂರಲು ಬರುತ್ತಿರಲಿಲ್ಲವೇನೋ. ಅವನ ತಾಯಿಯನ್ನೂ ಯಾರೋ ತಗ್ಗಿದ ದನಿಯಲ್ಲಿ ಕೇಳಿರಬೇಕು. ಅವಳು ಎದ್ದು ನಿಂತು ಕೂಗಲಿಲ್ಲ. ಅಣ್ಣನ ಎರಡೂ ಕಿಡ್ನಿಗಳು ಕಲ್ಲು, ಹುಲ್ಲಿನ ಕೆಳಗೆ ಮಣ್ಣಾದವು. ಯಾವುದೋ ಎರಡು ಮನೆಯಲ್ಲಿ ತನ್ನಂಥವರು ಕಾದು ಕಾದು ಸತ್ತಿರಬೇಕು. ತಾನೂ ತಲೆ ಆಡಿಸಿದ್ದೆನಲ್ಲ. ಈ ಕಿಡ್ನಿ ಎದ್ದು ಕೆಲಸ ಮಾಡಲು ತಾನು ಯಾವ ಪುಣ್ಯ ಮಾಡಿದ್ದೇನೆ ಎಂದು ತನ್ನನ್ನೇ ಕೇಳಿಕೊಂಡ. ಹೆದರಿಕೆ ಆಯಿತು. ಸಾವಿಗಲ್ಲ, ಆ ತಾಯಿ ಕೊಟ್ಟದ್ದು ತನ್ನೊಳಗೆ ಹಾಳಾಗಿ ಹೋದೀತಲ್ಲ ಎಂದು.

ಮೂರನೆಯ ವಾರ ಮುಗಿಯುತ್ತಾ ಬಂದಿತ್ತು. ಬೆಳಗಿನ ತಿಂಡಿಯ ಹೊತ್ತಿಗೆ ಐಸುಲು ಚೀಲ ಬದಲಿಸಲು ಬಗ್ಗಿದವಳು ಹಾಗೇ ನಿಂತಳು. ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ ಕೂಗಿದಳು: "ಸುಯಿಂಶಿ! ಅಣ್ಣಾ, ಸುಯಿಂಶಿ!"

ಅವನು ತಿರುಗಿ ನೋಡಿದ. ಚೀಲದಲ್ಲಿ ಗೋಧಿಯ ಬಣ್ಣದ, ತಿಳಿಯಾದ, ಬೆಚ್ಚಗಿನ ಮೂತ್ರ. ನಳಿಗೆಯಲ್ಲಿ ಇನ್ನೂ ಹನಿಹನಿಯಾಗಿ ಇಳಿಯುತ್ತಲೇ ಇತ್ತು. ಶೋಲ್ಪಾನ್ ಗೋಡೆ ಹಿಡಿದುಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು. ಸಾವಿರ ಮದುವೆಗಳಲ್ಲಿ ಮಾತಿನ ಮಳೆ ಸುರಿಸಿದವನು ಕೈಗಡಿಯಾರ ಬಿಚ್ಚಿ ಐಸುಲುವಿನ ಅಂಗೈಯಲ್ಲಿಟ್ಟ. ಸುಯಿಂಶಿಯನ್ನು ಬೇಡ ಎನ್ನುವ ಹಾಗಿಲ್ಲ, ಅವಳೂ ತೆಗೆದುಕೊಂಡಳು.

ಇನ್ನೆರಡು ದಿನ ನೋಡಿ, ಡಯಾಲಿಸಿಸ್ ಬೇಕಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ಅವನು ಹಳ್ಳಿಗೆ ಫೋನ್ ಮಾಡಿದ. "ಅವ್ವಾ, ಈಗ ನಿಜವಾಗ್ಲೂ ಹರೀತಿದೆ."

 ಅವಳು ಕುಣಿದಾಡುತ್ತಾಳೆ, ಮತ್ತೆ ಕುರಿ ಕಡಿಸುತ್ತಾಳೆ ಎಂದುಕೊಂಡಿದ್ದ.

"ಸುಯಿಂಶಿ ನಾನು ಆಗ್ಲೇ ಕೊಟ್ಟಿದ್ದೀನಿ" ಎಂದಳು ಕಮ್ಶಾತ್. "ಆ ಹುಡುಗ ಹೋಗಿ ನಲವತ್ತು ದಿನ ಆಯ್ತಾ?"

"ಇಲ್ಲ ಅವ್ವ."

"ಹಾಗಾದ್ರೆ ದುಃಖ ಹೇಳೋಕೆ ಇನ್ನೂ ಹೊತ್ತಿದೆ. ಬರ್ತೀನಿ."

ಬಂದಳು. ಸಾವಿನ ಮನೆಗೆ ಹೋಗುವಾಗ ಕಟ್ಟುವ ಹಾಗೆ ತಲೆವಸ್ತ್ರವನ್ನು ಹಣೆಯವರೆಗೂ ಎಳೆದು ಕಟ್ಟಿದ್ದಳು. ಹಿಂದೆ ಬಾಯಾನ್, ಕೈಯಲ್ಲಿ ಕಡಗ, ಬಾಯಿಗೆ ಈಗ ಬೀಗ. ಐಸುಲು ಇಬ್ಬರಿಗೂ ಮುಖಗವಸು ಕಟ್ಟಿ, "ಸ್ವಲ್ಪ ಹೊತ್ತು ಅಷ್ಟೇ ಅಜ್ಜಿ" ಎಂದಳು. ಕಮ್ಶಾತ್ ಮಗನ ಮುಖ ನೋಡಲಿಲ್ಲ, ಹೇಗಿದ್ದೀಯಾ ಎನ್ನಲಿಲ್ಲ. ಮಂಚದ ಪಕ್ಕ ಮಂಡಿಯೂರಿ ಕೂತು, ಹೊದಿಕೆಯ ಮೇಲಿನಿಂದಲೇ ಅವನ ಕಿಬ್ಬೊಟ್ಟೆಯ ಬಲಗಡೆ ಅಂಗೈ ಇಟ್ಟಳು.

"ಯಾರ ಮಗನಪ್ಪಾ ನೀನು? ಹೆಸರು ಕೇಳಿದ್ರೆ ಹೇಳೋ ಹಾಗಿಲ್ವಂತೆ. ಇರ್ಲಿ. ನಿಮ್ಮವ್ವನ ಬಾಗ್ಲಿಗೆ ಹೋಗಿ ತಬ್ಕೊಂಡು ಅಳೋಣ ಅಂದ್ರೆ ದಾರಿ ಗೊತ್ತಿಲ್ಲ. ಅದಕ್ಕೆ ಇಲ್ಲಿಗೇ ಬಂದೆ, ನಿನ್ನ ಹತ್ರಾನೇ." ಅಂಗೈ ತೆಗೆಯದೆಯೇ ಮುಂದುವರಿಸಿದಳು. "ನನ್ನ ದೊಡ್ಡ ಮಗನ್ನ ಕೇಳ್ದಾಗ ನನ್ನ ಕೈಲಿ ಆಗ್ಲಿಲ್ಲ ಕಣಪ್ಪಾ. ಬೈದು ಓಡಿಸ್ದೆ. ನಿಮ್ಮವ್ವನ ಕೈಲಿ ಆಯ್ತು. ನನ್ನ ಹಾಗೆ ಅವಳೂ ಅಂದಿದ್ರೆ ಇವತ್ತು ನನಗೆ ಈ ಮಗನೂ ಇರ್ತಿರ್ಲಿಲ್ಲ. ನಿನ್ನ ಮಣ್ಣು ಹಗುರಾಗಿರ್ಲಿ, ಕಂದಾ. ದೂರದಿಂದ ಓಡ್ಬಂದಿದ್ದೀಯ, ದಣಿದಿದ್ದೀಯ. ಇದು ನಿನ್ನ ಮನೆ ಅಂದ್ಕೋ."

ಬಾಯಾನ್ ಗೋಡೆಗೆ ಮುಖ ಒತ್ತಿಕೊಂಡಿದ್ದಳು. ಅವಳು ಅಂದು ಅತ್ತದ್ದು ಗಂಡನಿಗೋ, ಗುರುತಿಲ್ಲದ ಆ ಹುಡುಗನಿಗೋ, ಅವಳಿಗೇ ಗೊತ್ತಿರಲಿಲ್ಲ. ತಾಸ್‌ಬೊಲಾತ್ ಅಲ್ಲಾಡಲಿಲ್ಲ. ಅವ್ವನ ಒರಟು ಅಂಗೈಯ ಕೆಳಗೆ, ಹುಟ್ಟಿದಾಗಿನಿಂದ ಮೊದಲ ಸಲ, ಎಲ್ಲಿಗೂ ಹೋಗಬೇಕೆನ್ನಿಸದೆ ಮಲಗಿದ್ದ. ಕಣ್ಣೀರು ಕಿವಿಯೊಳಕ್ಕೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮುದುಕಿ ಮೂಗು ಒರೆಸಿಕೊಂಡು ಎದ್ದಳು. ಕೈಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಬೇಯಿಸಿದ ಕುರಿ ಮಾಂಸದ ಘಮ ಎದ್ದಿತು.

"ಉಪ್ಪು ಹಾಕಿಲ್ಲ. ಡಾಕ್ಟ್ರನ್ನ ಕೇಳೇ ತಂದಿದ್ದೀನಿ, ಹೆದರ್ಬೇಡ್ರಿ" ಎಂದು ಮಗನ ಮುಖವನ್ನೂ ಅವನ ಕಿಬ್ಬೊಟ್ಟೆಯನ್ನೂ ನೋಡಿದಳು. "ಅತ್ತಿದ್ದು ಸಾಕು. ಏಳಿ, ಇಬ್ರೂ ಉಣ್ಣಿ."